ಯುಎಸ್‌ಬಿ 3 ಡಿಸ್ಕ್ ಯುಎಸ್‌ಬಿ 2ರ ವೇಗಕ್ಕೆ ಇಳಿದಾಗ ನಾನು ನೋಡುವುದು

ಯುಎಸ್‌ಬಿಯಲ್ಲಿ ಹೊರಗಿನಿಂದ ಜೋಡಿಸಿದ ಎಸ್‌ಎಸ್‌ಡಿ ಡಿಸ್ಕಿಗೆ ದೊಡ್ಡ ಫೈಲ್ ಹಾಕುವಾಗ ವೇಗ ಸೆಕೆಂಡಿಗೆ 35–40 ಎಂಬಿಗೆ ಬಂದು ನಿಂತರೆ ನಾನು ಡಿಸ್ಕನ್ನು ಅನುಮಾನಿಸುವುದಿಲ್ಲ. ಅದು ಯುಎಸ್‌ಬಿ 2.0ದ ವೇಗ. ಹೇಳಿಕೊಳ್ಳಲು 480 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಎಂಟು ಬಿಟ್‌ಗೆ ಒಂದು ಬೈಟ್ ಎಂದರೆ 60 ಎಂಬಿ. ಪ್ರೋಟೋಕಾಲ್‌ನ, ಅಂದರೆ ಸಾಗಣೆಯ ನಿಯಮಗಳ, ಖರ್ಚು ಕಳೆದರೆ ಕೈಗೆ ಸಿಗುವುದು ಆ 35–40 ಅಷ್ಟೇ.

ಯುಎಸ್‌ಬಿ 3.0ರಲ್ಲಿ ಹಳೆಯ ತಂತಿಗಳನ್ನು ವೇಗಗೊಳಿಸಿಲ್ಲ, ಪಕ್ಕದಲ್ಲೇ ಹೊಸ ತಂತಿಗಳನ್ನು ಹಾಕಿದ್ದಾರೆ. ಹೊಸವು ಕೈಕೊಟ್ಟರೆ ಡಿಸ್ಕ್ ಸದ್ದಿಲ್ಲದೆ ಹಳೆಯದಕ್ಕೆ ಹೋಗಿ ಕೂರುತ್ತದೆ, ಪರದೆಯಲ್ಲಿ ದೋಷವೇನೂ ಕಾಣಿಸುವುದಿಲ್ಲ. ಲಿನಕ್ಸ್‌ನಲ್ಲಾದರೆ ಎಲ್‌ಎಸ್‌ಯುಎಸ್‌ಬಿ ಆದೇಶಕ್ಕೆ '-ಟಿ' ಸೇರಿಸಿ (lsusb -t) ನೋಡುತ್ತೇನೆ. ಡಿಸ್ಕಿನ ಸಾಲಿನ ಕೊನೆಯಲ್ಲಿ 5000ಎಂ ಅಥವಾ 10000ಎಂ (ಸೆಕೆಂಡಿಗೆ ಅಷ್ಟು ಮೆಗಾಬಿಟ್) ಇರಬೇಕು. 480ಎಂ ಇದ್ದರೆ ಹುಡುಕಾಟ ಶುರು.

ಮೊದಲು ಪ್ಲಗ್. ಟೈಪ್-ಎ ಪ್ಲಗ್‌ನಲ್ಲಿ ಹಳೆಯ ನಾಲ್ಕು ಪಿನ್ ಮುಂದೆ, ಹೊಸ ಐದು ಒಳಗೆ ಆಳದಲ್ಲಿ. ನಿಧಾನಕ್ಕೆ ತೂರಿಸಿದರೆ ನಾಲ್ಕೇ ಮೊದಲು ಕಚ್ಚಿಕೊಂಡು, ಕಂಪ್ಯೂಟರ್ ಅದನ್ನು 2.0 ಎಂದೇ ಗುರುತಿಸಿಬಿಡಬಹುದು. ಕಿತ್ತು, ಒಂದೇ ಸಲಕ್ಕೆ ಕೊನೆಯವರೆಗೂ ಒತ್ತಬೇಕು.

ಟೈಪ್-ಸಿ ಆದರೆ ಒಂದು ತುದಿಯನ್ನು ಮಾತ್ರ ತಿರುಗಿಸಿ ಹಾಕುತ್ತೇನೆ. ವೇಗದ ತಂತಿ ಜೋಡಿಗಳು ಅದರಲ್ಲಿ ಎರಡು ಕಡೆ ಇವೆ. ಒಂದು ಬದಿಗೆ 5000ಎಂ, ಇನ್ನೊಂದಕ್ಕೆ 480ಎಂ ಬಂದರೆ ಪಿನ್‌ನಲ್ಲಿ ಕೊಳೆ ಅಥವಾ ಕೇಬಲ್‌ನಲ್ಲಿ ತಂತಿ ಕಡಿದಿದೆ. ಎರಡೂ ಬದಿಗೆ 480ಎಂ ಬಂದರೆ ಕೇಬಲ್ ಬದಲಿಸಿ ನೋಡಿ. ಚಾರ್ಜಿಂಗ್‌ಗೆಂದು ಕೊಡುವ ಎಷ್ಟೋ ಟೈಪ್-ಸಿ ಕೇಬಲ್‌ಗಳಲ್ಲಿ 2.0ದ ತಂತಿಗಳಷ್ಟೇ ಇರುತ್ತವೆ. ಟೈಪ್-ಸಿ ಎಂಬುದು ಪ್ಲಗ್‌ನ ಆಕಾರದ ಹೆಸರು, ವೇಗದ್ದಲ್ಲ.

ಕೊಳ್ಳುವಾಗಲೂ ತಲೆಮಾರಿನ ಹೆಸರನ್ನು ನಂಬಬೇಡಿ. 2008ರ 3.0 ಆಮೇಲೆ 3.1 ಜೆನ್ 1 ಆಯಿತು, ಮತ್ತೆ 3.2 ಜೆನ್ 1 ಆಯಿತು. ಮೂರೂ 5 ಜಿಬಿಪಿಎಸ್ಸೇ (ಸೆಕೆಂಡಿಗೆ ಗಿಗಾಬಿಟ್), ಅಂದರೆ ಅದೇ 5000ಎಂ. ಹೆಸರು ಬದಲಿಸಿ ಗ್ರಾಹಕರಿಗೆ ಅನ್ಯಾಯ ಮಾಡಿದರೆಂದೇ ನನ್ನ ಅಭಿಪ್ರಾಯ. 20 ಜಿಬಿಪಿಎಸ್‌ನ 3.2 ಜೆನ್ 2x2 ಡಿಸ್ಕನ್ನು ಅದಿಲ್ಲದ ಪೋರ್ಟಿಗೆ ಹಾಕಿದರೆ ಸಾಮಾನ್ಯವಾಗಿ 10ಕ್ಕೇ ಇಳಿಯುತ್ತದೆ.

5000ಎಂ ತೋರಿಸಿಯೂ ಸಣ್ಣ ಫೈಲ್‌ಗಳು ತೆವಳಿದರೆ ಅದೇ ಸಾಲಿನ ಡ್ರೈವರ್ ಹೆಸರು ನೋಡಿ. 'ಯುಎಎಸ್' (uas) ಇದ್ದರೆ ಆದೇಶಗಳು ಸರದಿಯಲ್ಲಿ ಒಟ್ಟಿಗೆ ಹೋಗುತ್ತವೆ. 'ಯುಎಸ್‌ಬಿ-ಸ್ಟೋರೇಜ್' (usb-storage) ಆದರೆ ಒಂದು ಮುಗಿದ ಮೇಲೇ ಇನ್ನೊಂದು.

ಡಿಸ್ಕ್ ನಡುನಡುವೆ ಕಳಚಿಕೊಂಡರೆ ವಿದ್ಯುತ್ತನ್ನೂ ಗಮನಿಸಿ: 2.0 ಪೋರ್ಟಿನ ಮಿತಿ 500 ಎಂಎ (ಮಿಲಿಆಂಪಿಯರ್), 3.0ರದು 900. ಇನ್ನು, 3.0 ಓಡುವಾಗ 2.4 ಗಿಗಾಹರ್ಟ್ಸ್‌ನ ಸುತ್ತ ಗದ್ದಲ ಏಳುತ್ತದೆ. ಪಕ್ಕದ ವೈರ್‌ಲೆಸ್ ಮೌಸ್ ತಡವರಿಸಿದರೆ ಅದರ ರಿಸೀವರನ್ನು ಎಕ್ಸ್‌ಟೆನ್ಷನ್ ಕೇಬಲ್‌ನಿಂದ ದೂರ ಇಡಿ.