ಹತ್ತನೇ ಕ್ಲಾಸಿನವರು ಹೋದರೂ ನಿಲ್ಲದ ಬ್ಯಾಂಡು: ನಾಲ್ಕೇ ಲೈನಿನ ಸ್ಕೋರ್ ಬರೆದ ಅನುಭವ

ಜನವರಿ ಬಂತೆಂದರೆ ಶಾಲಾ ಬ್ಯಾಂಡಿನ ಸೊಂಟ ಮುರಿಯುತ್ತದೆ. ಹತ್ತನೇ ಕ್ಲಾಸಿನವರು ಪ್ರಿಪರೇಟರಿ ಪರೀಕ್ಷೆಗೆ ಕೂರುತ್ತಾರೆ, ಅಷ್ಟರಲ್ಲಿ ಜನವರಿ 26 ಎದುರಿಗೆ ಬಂದು ನಿಂತಿರುತ್ತದೆ. ಯೂಫೋನಿಯಂ (ತಗ್ಗು ದನಿಯ ಹಿತ್ತಾಳೆ ವಾದ್ಯ) ಊದುವ ಒಬ್ಬನೇ ಹುಡುಗ ಹತ್ತನೇ ಕ್ಲಾಸು, ಮೇಲಿನ ಸ್ವರ ಸಲೀಸಾಗಿ ಹಿಡಿಯುವ ಇಬ್ಬರು ಟ್ರಂಪೆಟ್ಟಿನವರೂ ಹತ್ತನೇ ಕ್ಲಾಸು. ಅಂಗಡಿಯಲ್ಲಿ ನನಗೆ ಸಿಕ್ಕ ಯಾವ ಸ್ಕೋರೂ, ಅಂದರೆ ಒಂದೊಂದು ವಾದ್ಯಕ್ಕೂ ಸ್ವರ ಬರೆದ ಹಾಳೆಗಳ ಕಟ್ಟೂ, ಇದನ್ನು ಲೆಕ್ಕಕ್ಕೆ ಇಟ್ಟುಕೊಂಡು ಬರೆದದ್ದಲ್ಲ.

ನಮ್ಮ ಬಲ ಇಷ್ಟು: ಕೊಳಲು ಅಂದರೆ ಫ್ಲೂಟ್ 5, ಕ್ಲಾರಿನೆಟ್ 8, ಆಲ್ಟೊ ಸ್ಯಾಕ್ಸ್ 4, ಟೆನರ್ 1, ಟ್ರಂಪೆಟ್ 7, ಟ್ರಾಂಬೋನ್ 2, ಯೂಫೋನಿಯಂ 1, ಡ್ರಮ್ಮಿನವರು 6. ಒಟ್ಟು 34. ಹೊರಗಿನಿಂದ ತರಿಸಿದ ಗ್ರೇಡ್ ಎರಡರ (ಕಲಿಯುವವರ ಮಟ್ಟದ) ಸೆಟ್ಟು ಆಗ ಅರವತ್ತೋ ಎಪ್ಪತ್ತೋ ಡಾಲರ್ ಇತ್ತು, ಕೊರಿಯರು ಸುಂಕ ಸೇರಿ ಕೈಗೆ ಬರುವಾಗ ಎಂಟು ಸಾವಿರದ ಹತ್ತಿರ. ಅದರಲ್ಲಿ ಓಬೋ, ಬಸೂನ್, ಹಾರ್ನ್, ಟಿಂಪನಿ ಎಲ್ಲಕ್ಕೂ ಹಾಳೆ ಇದೆ, ನುಡಿಸಲು ಜನ ಇಲ್ಲ. ನಮ್ಮ ಕೆಲಸಕ್ಕೆ ಬಂದದ್ದು ಒಂದೊಂದು ಸೆಟ್ಟಿನಲ್ಲಿ ಹತ್ತು ಹಾಳೆ. ಹಾರ್ನಿನ ಪಾರ್ಟಿನಲ್ಲಿ ಮಾತ್ರ ಇರುವ ಸ್ವರ ಬಿದ್ದುಹೋದರೆ ಮೇಳದ ಕಟ್ಟೂ ಬಿದ್ದುಹೋಗುತ್ತದೆ. ಮೂರು ಸೆಟ್ಟಿಗೆ ಇಪ್ಪತ್ತನಾಲ್ಕು ಸಾವಿರ ಸುರಿದ ಮೇಲೆ ಆ ದಾರಿ ಬಿಟ್ಟೆ.

ಈಗಿನ ಪದ್ಧತಿ ನಾಲ್ಕೇ ಲೈನು. ಮೊದಲನೆಯದು ರಾಗ, ಎರಡನೆಯದು ಅದರ ಕೆಳಗಿನ ಜೋಡಿ, ಮೂರನೆಯದು ಒಳದನಿ, ನಾಲ್ಕನೆಯದು ಬೇಸ್. ಯಾವ ವಾದ್ಯದವರು ಯಾವ ಲೈನು ಎಂಬುದು ಆ ತಿಂಗಳ ಹಾಜರಿ ನೋಡಿ. 'ಸರ್, ನಾಲ್ಕು ಲೈನ್ ಬರೆದರೆ ಅದು ಬ್ಯಾಂಡ್ ಅಲ್ಲ, ಭಜನೆ' ಅಂತ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಹಿರಿಯರೊಬ್ಬರು ಅಂದಿದ್ದರು. ಎರಡು ಗಣರಾಜ್ಯೋತ್ಸವ ಕಳೆದ ಮೇಲೆ ಅವರೇ ಪಿಡಿಎಫ್ ಕೇಳಿದರು.

ಕಿವಿಗೆ ಒಂದೇ ಸ್ವರ ಕೇಳಬೇಕಾದರೂ ವಾದ್ಯಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಬರೆಯಬೇಕು: ಫ್ಲೂಟಿಗೆ ಸಿ ಹಾಳೆ, ಕ್ಲಾರಿನೆಟ್, ಟ್ರಂಪೆಟ್, ಟೆನರಿಗೆ ಬಿ ಫ್ಲ್ಯಾಟ್, ಆಲ್ಟೊಗೆ ಇ ಫ್ಲ್ಯಾಟ್. ಮೊದಲ ಲೈನಿಗೆ ಈ ಮೂರೂ ಹಾಳೆ. ಎರಡನೆಯದಕ್ಕೆ ಬಿ ಫ್ಲ್ಯಾಟ್, ಇ ಫ್ಲ್ಯಾಟ್. ಮೂರನೆಯದಕ್ಕೆ ಇವೆರಡರ ಜೊತೆ ಬೇಸ್ ಕ್ಲೆಫ್ (ತಗ್ಗು ಸ್ವರಗಳಿಗೆ ಬರೆಯುವ ಹಾಳೆ). ನಾಲ್ಕನೆಯದಕ್ಕೆ ಟೆನರಿಗೆ ಒಂದು ಬಿ ಫ್ಲ್ಯಾಟ್, ಟ್ರಾಂಬೋನಿಗೆ ಬೇಸ್ ಕ್ಲೆಫ್. ಅಲ್ಲಿಗೆ ಹತ್ತಾಯಿತು. ಡ್ರಮ್ಮಿಗೆ ಒಂದು, ಕೀಬೋರ್ಡಿಗೆ ಒಂದು, ಒಟ್ಟು ಹನ್ನೆರಡು ಪಿಡಿಎಫ್. ಬರೆಯುವ ಮುಂಚೆ ಒಂದು ಲೆಕ್ಕ: ಹತ್ತನೇ ಕ್ಲಾಸಿನ ಹೆಸರುಗಳನ್ನೆಲ್ಲ ಹೊಡೆದು ಹಾಕಿ, ಉಳಿದವರಲ್ಲಿ ಪ್ರತಿ ಲೈನಿಗೂ ಕಡೇಪಕ್ಷ ಇಬ್ಬರು ಇದ್ದಾರೋ ನೋಡಬೇಕು. ಇಲ್ಲದ ಲೈನಿಗೆ ಆಲ್ಟೊದಿಂದ ಒಬ್ಬರನ್ನು ತಳ್ಳುವುದು. ಆಲ್ಟೊ ನಮ್ಮ ಬ್ಯಾಂಡಿನ ಆಲೂಗಡ್ಡೆ, ಎಲ್ಲದರ ಜೊತೆಗೂ ಹೊಂದುತ್ತದೆ.

ಈ ಪದ್ಧತಿ ಮೊದಲ ವರ್ಷ ಕೆಟ್ಟದ್ದು ಕ್ಲಾರಿನೆಟ್ಟಿನಿಂದ. ಟ್ರಂಪೆಟ್ಟೂ ಬಿ ಫ್ಲ್ಯಾಟ್, ಕ್ಲಾರಿನೆಟ್ಟೂ ಬಿ ಫ್ಲ್ಯಾಟ್, ಒಂದೇ ಹಾಳೆ ಸಾಕು ಅಂದುಕೊಂಡೆ. ಟ್ರಂಪೆಟ್ಟಿನ ಮಕ್ಕಳಿಗೆ ಹಾಯಾದ ಜಾಗ ಸ್ಟಾಫಿನ (ಸ್ವರ ಬರೆಯುವ ಐದು ಗೆರೆಯ) ನಡುವಿನ ಜಿ ಯಿಂದ ಮೇಲಿನ ಸಿ ತನಕ. ಕ್ಲಾರಿನೆಟ್ಟಿನ ಬ್ರೇಕ್, ಅಂದರೆ ಬೆರಳುಗಳನ್ನೆಲ್ಲ ಬದಲಿಸಿ ಮೇಲಿನ ಸ್ಥಾಯಿಗೆ ದಾಟುವ ಜಾಗ, ಸರಿಯಾಗಿ ಅಲ್ಲೇ, ಬಿ ಫ್ಲ್ಯಾಟ್ ಮತ್ತು ಬಿ ನಡುವೆ. ಒಬ್ಬರಿಗೆ ಹೂವು, ಇನ್ನೊಬ್ಬರಿಗೆ ಮುಳ್ಳು. ಒಂದು ಆಕ್ಟೇವ್ ಕೆಳಗೆ ಇಳಿಸಿ ಬರೆದೆ. ಆಗ ಕೀರಲುವುದು ನಿಂತಿತು, ಆದರೆ ಏಳು ಟ್ರಂಪೆಟ್ಟಿನ ಮುಂದೆ ಎಂಟು ಕ್ಲಾರಿನೆಟ್ಟು ಇದ್ದೂ ಇಲ್ಲದ ಹಾಗಾಯಿತು. ಈಗ ಎಂಟರಲ್ಲಿ ಮೂವರು ಮೇಲೆ, ಐವರು ಕೆಳಗೆ. ಮೇಲಿನವರ ಹಾಳೆಯಲ್ಲಿ ಬ್ರೇಕ್ ದಾಟುವ ಕಡೆಯೆಲ್ಲ 'ಬಲಗೈ ಕೆಳಗೇ' ಅಂತ ಕನ್ನಡದಲ್ಲೇ ಬರೆದಿದೆ. ತ್ರೋಟ್ ಬಿ ಫ್ಲ್ಯಾಟ್ (ಬ್ರೇಕಿನ ಕೆಳಗಿನ ಕೊನೆಯ ಸ್ವರ) ನುಡಿಸುವಾಗ ಬಲಗೈಯ ಮೂರೂ ಬೆರಳು ತೂತುಗಳ ಮೇಲೇ ಕೂತಿದ್ದರೆ, ಮುಂದಿನ ಡಿ ಗೆ ಎಡಗೈ ಬೆರಳು ಮುಚ್ಚಿದರೆ ಮುಗಿಯಿತು.

ಕಲ್ಯಾಣಿ, ಶಂಕರಾಭರಣದ ಸುಲಭ ಧಾಟಿಗಳನ್ನು ಬಿಟ್ಟು ನಾನು ಎತ್ತಿಕೊಂಡದ್ದು ಎಲ್ಲರೂ ಬೇಡ ಅಂದ ಪಿಳ್ಳಾರಿ ಗೀತೆ, ಮಲಹರಿ ರಾಗದಲ್ಲಿ ಸಂಗೀತ ಕಲಿಯುವವರ ಮೊದಲ ಪಾಠಗಳಲ್ಲಿ ಒಂದು. ಪುರಂದರದಾಸರದ್ದು, ಮಕ್ಕಳಲ್ಲಿ ಅರ್ಧ ಜನಕ್ಕೆ ಬಾಯಿಪಾಠ, ಹಕ್ಕುಸ್ವಾಮ್ಯದ ತಲೆನೋವಿಲ್ಲ. ಬ್ಯಾಂಡಿಗೆ ಬಿ ಫ್ಲ್ಯಾಟ್ ತವರುಮನೆ ಅಂತ ಷಡ್ಜವನ್ನು ಕಾನ್ಸರ್ಟ್ ಬಿ ಫ್ಲ್ಯಾಟಿಗೆ, ಅಂದರೆ ಕೀಬೋರ್ಡಿನಲ್ಲಿ ಕೇಳುವ ಬಿ ಫ್ಲ್ಯಾಟಿಗೆ, ಇಟ್ಟೆ. 'ಸರಿಮಗರಿ ಸರಿಗರಿಸ' ಬರುವ ಕಡೆ ಎರಡು ಅನಾಹುತ ಒಟ್ಟಿಗೆ. ಟ್ರಾಂಬೋನಿನಲ್ಲಿ ಕೆಳಗಿನ ಷಡ್ಜ ಒಂದನೇ ಪೊಸಿಷನ್ (ಸ್ಲೈಡ್ ಪೂರ್ತಿ ಒಳಗೆ), ಅದರ ಪಕ್ಕದ ಶುದ್ಧ ರಿಷಭ ಏಳನೇ ಪೊಸಿಷನ್ (ಪೂರ್ತಿ ಹೊರಗೆ). ಹನ್ನೆರಡು ವರ್ಷದ ಹುಡುಗನ ತೋಳು ಅಲ್ಲಿಗೆ ಮುಟ್ಟುವುದೇ ಇಲ್ಲ, ಮುಟ್ಟಿದರೂ ಒಂದು ಮಾತ್ರೆಯಲ್ಲಿ ಹೋಗಿ ಬರಲಾಗುವುದಿಲ್ಲ. ಟ್ರಂಪೆಟ್ಟಿನಲ್ಲಿ ಅದೇ ರಿಷಭಕ್ಕೆ ಒಂದು-ಎರಡು-ಮೂರು ಮೂರೂ ವಾಲ್ವ್, ಮೊದಲೇ ಶ್ರುತಿ ಮೇಲೇರುವ ಸ್ವರ. ಮೂರನೇ ಸ್ಲೈಡ್ ಎಳೆದು ಸರಿಮಾಡಬೇಕು. ಶಾಲೆಯ ಟ್ರಂಪೆಟ್ಟುಗಳಲ್ಲಿ ಆ ಸ್ಲೈಡ್ ಅಲುಗಾಡಿ ಎಷ್ಟು ವರ್ಷವಾಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಇ ಫ್ಲ್ಯಾಟಿಗೆ ಏರಿಸಿದೆ. ಕೆಳಗೆ ಎಲ್ಲ ಸರಿ, ಆದರೆ ಗೀತೆ ಶುರುವಾಗುವುದೇ 'ಮಪ ದಸಸರಿ' ಎಂದು ತಾರಸ್ಥಾಯಿಯ ರಿಷಭಕ್ಕೆ ಹಾರಿ. ಟ್ರಂಪೆಟ್ಟಿಗೆ ಅದು ಸ್ಟಾಫಿನ ತುದಿಯ ಎಫ್ ದಾಟಿ ಜಿ ಫ್ಲ್ಯಾಟ್. ತುಟಿ ಒಡೆದುಕೊಂಡರು. ಕೊನೆಗೆ ಕೂತದ್ದು ಕಾನ್ಸರ್ಟ್ ಸಿ, ನಮ್ಮ ಲೆಕ್ಕದ ಒಂದು ಮನೆ ಶ್ರುತಿ. ಟ್ರಂಪೆಟ್ಟಿಗೆ ಕೆಳಗಿನ ಡಿ ಯಿಂದ ಮೇಲಿನ ಇ ಫ್ಲ್ಯಾಟ್ ತನಕ, ಎರಡನೇ ವರ್ಷದವರಿಗೆ ಧಾರಾಳ. ಟ್ರಾಂಬೋನಿಗೆ ಸ-ರಿ ಆರನೇ ಪೊಸಿಷನ್ನಿಂದ ಐದಕ್ಕೆ, ಒಂದು ಗೇಣೂ ಇಲ್ಲ. ಆಲ್ಟೊಗೆ ಷಡ್ಜ ಎ ಮೇಲೆ. ಕ್ಲಾರಿನೆಟ್ಟಿನಲ್ಲಿ ದ-ಸ ಬರುವುದು ಆ ತ್ರೋಟ್ ಬಿ ಫ್ಲ್ಯಾಟಿನಿಂದ ಡಿ ಗೆ, 'ಬಲಗೈ ಕೆಳಗೇ' ಇಲ್ಲಿ ಹತ್ತಾರು ಸಲ. ಕೀ ಸಿಗ್ನೇಚರ್ (ಸಾಲಿನ ಮೊದಲಿಗೇ ಫ್ಲ್ಯಾಟು ಶಾರ್ಪು ಹಾಕಿಬಿಡುವ ಗುರುತು) ಹಾಕಲು ಹೋಗಬೇಡಿ. ಮಲಹರಿಗೆ ಹೊಂದುವ ಸಿಗ್ನೇಚರ್ ಪಾಶ್ಚಾತ್ಯ ಪಟ್ಟಿಯಲ್ಲಿಲ್ಲ. ಖಾಲಿ ಬಿಟ್ಟು, ಫ್ಲ್ಯಾಟು ಶಾರ್ಪುಗಳನ್ನು ಸ್ವರದ ಪಕ್ಕದಲ್ಲೇ ಪ್ರತಿ ಬಾರಿನಲ್ಲೂ (ಎರಡು ಅಡ್ಡಗೆರೆಗಳ ನಡುವಿನ ತಾಳದ ಮನೆ) ಬರೆಯುವುದು ಒಳ್ಳೆಯದು. ಹಾಳೆ ಗಲೀಜಾಗಿ ಕಾಣುತ್ತದೆ, ಮಕ್ಕಳು ತಪ್ಪುವುದಿಲ್ಲ.

ಕಾರ್ಡ್ಸ್ (ಒಟ್ಟಿಗೇ ನುಡಿಸುವ ಸ್ವರಗಳ ಗೊಂಚಲು) ಕಟ್ಟಬೇಡಿ. ಮಲಹರಿಯಲ್ಲಿ ನಿಷಾದವೇ ಇಲ್ಲ, ಪಂಚಮದ ಕಾರ್ಡಿಗೆ ಬೇಕಾದ ಸ್ವರವೇ ರಾಗದ ಹೊರಗಿನದು. ನಾಲ್ಕನೇ ಲೈನಿಗೆ ಸ-ಪ ಎರಡೇ, ತಂಬೂರಿಯಂತೆ. ಮೂರನೇ ಲೈನು ರಾಗವನ್ನೇ ಎರಡು ಆವರ್ತ ತಡವಾಗಿ ಹಿಡಿಯುತ್ತದೆ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ಬೇಸಿಗೆ ರಜೆ ಹೋಗಿದೆ.

ಡ್ರಮ್ಮಿನ ಹಾಳೆಯಲ್ಲಿ ಇನ್ನೊಂದು ಪಾಠ ಕಲಿತೆ. ಗೀತೆ ರೂಪಕ ತಾಳ, ಆರು ಅಕ್ಷರ, ಎರಡು ನಾಲ್ಕು. ಆರು ತಾನೇ ಅಂತ 3/4 ಬಾರಿನ ಲೆಕ್ಕದಲ್ಲಿ, ಮೂರು ಮೂರಾಗಿ ಬರೆದಿದ್ದೆ. ಬೇಸ್ ಡ್ರಮ್ಮಿನ ಹುಡುಗ ಒಂದಕ್ಕೂ ನಾಲ್ಕಕ್ಕೂ ಬಾರಿಸಿದ, ಸೈಡ್ ಡ್ರಮ್ಮಿನವರು ಮದುವೆ ಮನೆಯ ವಾಲ್ಟ್ಜ್ ಶುರುಮಾಡಿದರು, ದಾಸರು ಎದ್ದು ಹೋದರು. ಈಗ ಒಂದು ಬಾರಿಗೆ ಆರು ಕ್ರೋಚೆಟ್ (ಒಂದೆಣಿಕೆಯ ಸ್ವರ), ಎರಡರ ನಂತರ ಚುಕ್ಕಿಗೆರೆ. ಬೇಸ್ ಡ್ರಮ್ ಒಂದಕ್ಕೆ ಮತ್ತು ಮೂರಕ್ಕೆ, ಅಂದರೆ ದ್ರುತದ ಪೆಟ್ಟು ಮತ್ತು ಲಘುವಿನ ಪೆಟ್ಟು. ಸೈಡ್ ಡ್ರಮ್ಮಿಗೆ ಲಘುವಿನ ಕೊನೆಯ ಎರಡು ಅಕ್ಷರದಲ್ಲಿ ಮಾತ್ರ ಪ್ಯಾರಡಿಡಲ್ (ಎಡಗೈ ಬಲಗೈ ಬದಲಿಸಿ ಬಾರಿಸುವ ಒಂದು ಮಾದರಿ). ರೋಲ್ ಒಂದೂ ಇಲ್ಲ.

ಹಾರ್ಮನಿ ಬೇಕೆಂದು ಕೈ ತುರಿಸಿದರೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಿವೆ. ಯುರೋಪಿನ ಬ್ಯಾಂಡು ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಹಾಕಿದ್ದು, ಶಂಕರಾಭರಣ, ಗಮಕವಿಲ್ಲ. ಬ್ಯಾಂಡಿನಿಂದ ಬಂದದ್ದು ಬ್ಯಾಂಡಿಗೇ ವಾಪಸ್. ಕಾನ್ಸರ್ಟ್ ಬಿ ಫ್ಲ್ಯಾಟಿನಲ್ಲಿ ಕಣ್ಣು ಮುಚ್ಚಿ ಬರೆಯಬಹುದು, ಮೂರು ಕಾರ್ಡ್ ಸಾಕು. 'ಶ್ಯಾಮಳೇ ಮೀನಾಕ್ಷಿ' ಎಲ್‌ಕೆಜಿ ಮಕ್ಕಳ ನಕ್ಷತ್ರದ ಹಾಡಿನ ಧಾಟಿ, ಆರನೇ ಕ್ಲಾಸಿನವರು ಎರಡು ವಾರದಲ್ಲಿ ನಾಲ್ಕೂ ಲೈನ್ ನಿಲ್ಲಿಸುತ್ತಾರೆ. 'ಸಂತತಂ ಪಾಹಿಮಾಂ' ಇನ್ನೂ ಸುಲಭ, ಆದರೆ ಅದು ಬ್ರಿಟಿಷ್ ರಾಜಗೀತೆಯ ಧಾಟಿ. ಆಗಸ್ಟ್ 15ರ ಪಟ್ಟಿಯಲ್ಲಿ ಸೇರಿಸುವವರು ಮುಂದಿನದಕ್ಕೆ ತಾವೇ ಜವಾಬ್ದಾರರು.

ನಡುವೆ ನಾಲ್ಕು ಕರ್ನಾಟಕ ಶೈಲಿಯ ವಯಲಿನ್ ಸೇರಿಸಿ ನೋಡಿದೆ. ಅವರಿಗೆ ಸ್ಟಾಫ್ ಬರುವುದಿಲ್ಲ. ಕನ್ನಡದಲ್ಲಿ ಸರಿಗಮ ಬರೆದ ಹಾಳೆ ಕೊಟ್ಟು, ಬಾರ್ ನಂಬರ್ ಮಾತ್ರ ಬ್ಯಾಂಡಿನದ್ದೇ ಹಾಕಿದೆ. ಓದುವುದರಲ್ಲಿ ತೊಂದರೆಯೇ ಆಗಲಿಲ್ಲ, ತೊಂದರೆ ಬಿಸಿಲಿನದು. ಶೆಡ್ಡಿನಲ್ಲಿ ಅರ್ಧ ಗಂಟೆ ಊದಿದ ಮೇಲೆ ಹಿತ್ತಾಳೆ ಬಿಸಿಯಾಗಿ ಶ್ರುತಿ ಏರುತ್ತದೆ, ಅದೇ ಸೆಖೆಗೆ ತಂತಿ ಸಡಿಲವಾಗಿ ಇಳಿಯುತ್ತದೆ. ಎರಡರ ನಡುವೆ 440 ಹರ್ಟ್ಜ್ ಶ್ರುತಿಗೆ ಅಂಟಿಕೊಂಡ ಕೀಬೋರ್ಡು. ಮೊದಲ ಹತ್ತು ನಿಮಿಷ ಊದಿಸಿ, ಆಮೇಲೆ ಶ್ರುತಿ ಮಾಡಿಸಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ (ಶ್ರುತಿ ಏರಿಳಿಸುವುದು) ಸೊನ್ನೆಯಲ್ಲಿದೆಯೇ ಅಂತ ನೋಡುವುದು ನನ್ನ ಪಟ್ಟಿಯಲ್ಲಿ ಮೊದಲನೆಯದು. ಸಿನಿಮಾ ಹಾಡು ನುಡಿಸಿದವರು ಅದನ್ನು ಹಾಗೇ ಬಿಟ್ಟು ಹೋಗಿರುತ್ತಾರೆ.

ಬರೆಯುವುದು ಮ್ಯೂಸ್‌ಸ್ಕೋರಿನಲ್ಲಿ, ಅದು ಸ್ವರ ಬರೆಯುವ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ಎಲ್ಲ ವಾದ್ಯವನ್ನೂ ಕೇಳುವ ಸ್ವರದಲ್ಲೇ ತೋರಿಸುವ ಅದರ ಕಾನ್ಸರ್ಟ್ ಪಿಚ್ ಬಟನ್ ಒತ್ತಿಟ್ಟುಕೊಂಡು ಬರೆಯುತ್ತೇನೆ, ಪ್ರಿಂಟಿಗೆ ಮುಂಚೆ ತೆಗೆಯಬೇಕು. ಒಂದು ಸಲ ಮರೆತು ನೂರಿಪ್ಪತ್ತು ಹಾಳೆ ಝೆರಾಕ್ಸ್ ಆಗಿ ಬಂತು, ಟ್ರಂಪೆಟ್ಟಿಗೂ ಫ್ಲೂಟಿಗೂ ಒಂದೇ ಸ್ವರ. ಹಿಂಬದಿ ಈಗಲೂ ಹಾಜರಿ ಬರೆಯಲು ಉಪಯೋಗವಾಗುತ್ತಿದೆ. ಸಾಹಿತ್ಯವನ್ನು ಹಳೆಯ ನುಡಿ ಫಾಂಟಿನಿಂದ ನಕಲು ಮಾಡಿದರೆ ಬರೀ ಕಸ ಬೀಳುತ್ತದೆ, ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಅಂಟಿಸಬೇಕು. ಸ್ವರದ ಕೆಳಗೆ ಪದ ಒಡೆಯುವಾಗ ಒತ್ತಕ್ಷರದ ನಡುವೆ ಕತ್ತರಿ ಹಾಕಬಾರದು. 'ಲ-ಕ್ಷ್ಮಿ' ಸರಿ, 'ಲಕ್-ಷ್ಮಿ' ಅಂದರೆ ಅರ್ಧಾಕ್ಷರ ತೂಗಾಡುತ್ತದೆ.

ಹಾಳೆ ಎ4, 100 ಜಿಎಸ್‌ಎಂ, ಒಂದೇ ಬದಿ. 75ರದ್ದರಲ್ಲಿ ಎರಡೂ ಬದಿ ಹಾಕಿದರೆ ಹಿಂದಿನ ಮಸಿ ಮುಂದೆ ಕಾಣುತ್ತದೆ, ಗಾಳಿಗೆ ಮಡಚಿಕೊಳ್ಳುತ್ತದೆ. ಸ್ಟಾಫಿನ ಎತ್ತರ 8 ಮಿ.ಮೀ., ಸಾಫ್ಟ್‌ವೇರ್ ತಾನಾಗಿ ಕೊಡುವುದು ಸುಮಾರು 7. ಆ ಒಂದು ಮಿಲಿಮೀಟರಿಗೆ ಒಂದು ಸ್ಟ್ಯಾಂಡಿನಲ್ಲಿ ಇಬ್ಬರು ಓದಬಹುದು. ಸಾಲಿಗೆ ನಾಲ್ಕು ಬಾರ್, ಪುಟಕ್ಕೆ ಎಂಟೊಂಬತ್ತು ಸಾಲು, ಹಾಳೆ ತಿರುಗಿಸುವ ಪ್ರಶ್ನೆಯೇ ಇಲ್ಲ. ಲ್ಯಾಮಿನೇಷನ್ ಮಾಡಿಸಿ ಆರುನೂರು ರೂಪಾಯಿ ಕಳೆದೆ: ಮೈದಾನದ ಬಿಸಿಲಿಗೆ ಕನ್ನಡಿಯಂತೆ ಹೊಳೆದು ಒಂದು ಸ್ವರವೂ ಕಾಣಲಿಲ್ಲ. ಬಟ್ಟೆ ಕ್ಲಿಪ್ಪು ಎರಡು ಸಾಕು, ಸ್ಟ್ಯಾಂಡಿನ ಕೆಳಗಿನ ಮೂಲೆಗಳಿಗೆ. ಮೇಲೆ ಹಾಕಿದರೆ ಗಾಳಿ ಕೆಳಗಿನಿಂದ ನುಗ್ಗುತ್ತದೆ. ಒಂದು ಕೃತಿಗೆ 45 ಪ್ರತಿ, ನೂರೈವತ್ತರಿಂದ ಇನ್ನೂರು ರೂಪಾಯಿ. ಎಂಟು ಸಾವಿರದ ಪಕ್ಕದಲ್ಲಿ ಇಟ್ಟು ನೋಡಿ.

ಮೂರನೇ ಲೈನಿನಲ್ಲಿ ಬೇಸಿನ ಸ್ವರಗಳನ್ನು ಸಣ್ಣಕ್ಷರದ ಕ್ಯೂ ಆಗಿ ಅಡಗಿಸುವ ಒಂದು ಕ್ರಮವಿದೆ, ಯೂಫೋನಿಯಂ ಹುಡುಗ ಬರದ ದಿನ ಕೈ ಎತ್ತಿ ತೋರಿಸಿದರೆ ಆಲ್ಟೊ ಅದಕ್ಕೆ ಹಾರುತ್ತದೆ. ಕ್ಯೂ ಎಲ್ಲಿಂದ ಶುರುಮಾಡಬೇಕೆಂಬುದು ವ್ಯಾಪಾರದ ಗುಟ್ಟು.

ಈಗ ಮೇಜಿನ ಮೇಲಿರುವುದು ತ್ರಿಪುಟ ತಾಳದ ಪಿಳ್ಳಾರಿ ಗೀತೆ, 'ಕೆರೆಯ ನೀರನು'. ಏಳಕ್ಷರ, ಮೂರು ಎರಡು ಎರಡು. ನಿಂತು ನುಡಿಸಲು ಅಡ್ಡಿಯಿಲ್ಲ. ನಡೆದರೆ ಮಾತ್ರ ಒಂದು ಆವರ್ತ ಎಡಗಾಲಿಗೆ, ಮುಂದಿನದು ಬಲಗಾಲಿಗೆ ಬೀಳುತ್ತದೆ. ರೂಪಕದ ಆರಕ್ಷರದಲ್ಲಿ ಪ್ರತಿ ಆವರ್ತವೂ ಎಡಗಾಲಿಗೇ ಬರುತ್ತಿತ್ತು. ಎರಡು ಆವರ್ತ ಸೇರಿಸಿ ಹದಿನಾಲ್ಕರ ಬಾರ್ ಬರೆದು, ಬೇಸ್ ಡ್ರಮ್ಮನ್ನು ಕಾಲಿಗೆ, ಸೈಡ್ ಡ್ರಮ್ಮನ್ನು ತಾಳಕ್ಕೆ ಕಟ್ಟಿದ್ದೇನೆ. ಡ್ರಮ್ಮಿನವರು ಆರು ಜನರಲ್ಲಿ ನಾಲ್ವರು ಇನ್ನೂ ಎಂಟನೇ ಕ್ಲಾಸು, ಸಮಯವಿದೆ.