ಸೊಂಟಕ್ಕೆ ಸೀಸ ಎಷ್ಟು ಕಟ್ಟಬೇಕು?

ಉಸಿರು ಬಿಗಿಹಿಡಿದು ಮುಳುಗುವ ಫ್ರೀಡೈವಿಂಗ್ ಕಲಿಯಲು ಅಂಡಮಾನಿನ ಹ್ಯಾವ್‌ಲಾಕ್‌ಗೋ, ಥಾಯ್ಲೆಂಡಿನ ಕೋ ಟಾವ್‌ಗೋ ಹೋಗುವ ಬೆಂಗಳೂರಿನವರು ಈಗ ಅಪರೂಪವೇನಲ್ಲ. ಮೊದಲ ಸಲ ಚಳಿ ತಡೆಯುವ ರಬ್ಬರಿನ ವೆಟ್‌ಸೂಟ್ ಹಾಕಿಕೊಂಡು ನೀರಿಗಿಳಿದಾಗ ಬಹಳ ಮಂದಿಗೆ ಒಂದೇ ಕಷ್ಟ. ತಲೆ ಕೆಳಗೆ ಹಾಕಿ ಎಷ್ಟು ಕಾಲು ಬಡಿದರೂ ಮುಳುಗಲು ಆಗುವುದಿಲ್ಲ. ಪಕ್ಕದಲ್ಲಿದ್ದವರು ‘ಇನ್ನೊಂದೆರಡು ಕೆ.ಜಿ. ಸೀಸ ಹಾಕ್ಕೊಳ್ಳಿ’ ಅನ್ನುತ್ತಾರೆ. ಹಾಕಿಕೊಂಡರೆ ಸಲೀಸಾಗಿ ಇಳಿಯಬಹುದು, ನಿಜ. ಆದರೆ ಇಳಿದವರು ಅದೇ ಸೀಸ ಹೊತ್ತುಕೊಂಡು, ಉಸಿರು ಮುಗಿಯುತ್ತಾ ಬಂದ ಹೊತ್ತಿನಲ್ಲಿ, ಮೇಲೆ ಬರಬೇಕು. ತೂಕ ಆರಿಸುವಾಗ ನೋಡಬೇಕಾದದ್ದು ಇಳಿಯುವ ಸುಖವನ್ನಲ್ಲ, ಹತ್ತುವ ಕಷ್ಟವನ್ನು.

ಮೊದಲು, ನಿಮ್ಮನ್ನು ಮೇಲೆತ್ತುವುದು ಯಾವುದು ಅಂತ ತಿಳಿದುಕೊಳ್ಳಿ. ಮುಖ್ಯವಾಗಿ ಎರಡು. ಒಂದು ಶ್ವಾಸಕೋಶದ ಗಾಳಿ, ಇನ್ನೊಂದು ಸೂಟು. ವೆಟ್‌ಸೂಟಿನ ನಿಯೋಪ್ರೀನ್ ರಬ್ಬರು ಒಳಗೆಲ್ಲ ಗುಳ್ಳೆ. ಇಡ್ಲಿ ಮುರಿದರೆ ಕಾಣುತ್ತದಲ್ಲ, ಹಾಗೆ; ಆದರೆ ಇಲ್ಲಿ ಒಂದೊಂದು ಗುಳ್ಳೆಯಲ್ಲೂ ಅನಿಲ ಮುಚ್ಚಿಟ್ಟಿರುತ್ತದೆ. ಚಳಿ ತಡೆಯುವುದೂ ಅದೇ, ತೇಲಿಸುವುದೂ ಅದೇ. ಮೈತುಂಬಾ ಹಾಕುವ 3 ಮಿ.ಮೀ. ಸೂಟು ಸಮುದ್ರದಲ್ಲಿ ಹೆಚ್ಚುಕಡಿಮೆ ಮೂರು ಕೆ.ಜಿ.ಯಷ್ಟು ಮೇಲೆತ್ತುತ್ತದೆ ಅಂತ ಇಟ್ಟುಕೊಳ್ಳಿ.

ಆಳಕ್ಕೆ ಹೋದಂತೆ ಈ ಎರಡೂ ಕುಗ್ಗುತ್ತವೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು, ಗಾಳಿಯ ಗಾತ್ರ ಅರ್ಧ. 20 ಮೀಟರಿನಲ್ಲಿ ಮೂರು ಪಟ್ಟು, ಗಾತ್ರ ಮೂರನೇ ಒಂದು ಭಾಗ. ಎದೆ ತುಂಬಾ 5 ಲೀಟರ್ ಗಾಳಿ ತುಂಬಿಕೊಂಡವರಿಗೆ 10 ಮೀಟರ್ ತಲುಪುವಾಗ ಉಳಿಯುವುದು ಎರಡೂವರೆ ಲೀಟರ್. ಅಂದರೆ ಎರಡೂವರೆ ಕೆ.ಜಿ.ಯಷ್ಟು ತೇಲುವ ಬಲ ಹೋಯಿತು. ಸೂಟಿನಿಂದ ಇನ್ನೊಂದು ಒಂದೂವರೆ. ಒಟ್ಟು ನಾಲ್ಕು ಕೆ.ಜಿ. ಮುಂದಿನ 10 ಮೀಟರಿನಲ್ಲಿ ಕಳೆದುಕೊಳ್ಳುವುದು ಎರಡೂ ಸೇರಿ ಸುಮಾರು ಒಂದು ಕಾಲು ಕೆ.ಜಿ. ಅಷ್ಟೇ. ಎಲ್ಲ ಗಲಾಟೆ ಮೊದಲ 10 ಮೀಟರಿನದ್ದೇ. ಅದನ್ನು ದಾಟಿದ ಮೇಲೆ ಕಾಲು ಆಡಿಸದಿದ್ದರೂ ದೇಹ ತಾನೇ ಇಳಿಯತೊಡಗುತ್ತದೆ. ಇದಕ್ಕೇ ಫ್ರೀಫಾಲ್ ಅನ್ನುವುದು. ಬಹಳ ಹಿತ. ತಿರುಗಿ ಮೇಲೆ ಹೊರಟಾಗ ಅದೇ ಬಲದ ವಿರುದ್ಧ ಕಾಲು ಹೊಡೆಯಬೇಕು.

ದಕ್ಷಿಣ ಕೊರಿಯಾದ ಜೆಜು ದ್ವೀಪದ ಹೆನ್ಯೊ ಹೆಂಗಸರ ಕಥೆಯೂ ಇದನ್ನೇ ಹೇಳುತ್ತದೆ. ತಲೆತಲಾಂತರದಿಂದ ಅವರು ಹತ್ತಿಬಟ್ಟೆಯಲ್ಲೇ ಮುಳುಗಿ ಚಿಪ್ಪು ತೆಗೆಯುತ್ತಿದ್ದರು. 1970ರ ದಶಕದಲ್ಲಿ ರಬ್ಬರ್ ಸೂಟು ಬಂತು. ಚಳಿ ತಡೆದು ಜಾಸ್ತಿ ಹೊತ್ತು ನೀರಲ್ಲಿರಲು ಆಯಿತು. ಜೊತೆಗೇ ಸೊಂಟಕ್ಕೆ ಸೀಸದ ಪಟ್ಟಿಯೂ ಬಂತು.

ಸ್ಕೂಬಾ ಮಾಡಿ ಬಂದವರಿಗೆ ಒಂದು ಕಿವಿಮಾತು. ಅಲ್ಲಿ ಕಟ್ಟುತ್ತಿದ್ದ ತೂಕದ ಲೆಕ್ಕವನ್ನು ಅಲ್ಲೇ ಬಿಟ್ಟು ಬನ್ನಿ. ಅವರಿಗೆ ಗಾಳಿ ತುಂಬಿಸಿಕೊಂಡು ತೇಲುವ ಜಾಕೆಟ್ ಇದೆ, ಬೆನ್ನ ಮೇಲೆ ಸಿಲಿಂಡರ್ ಇದೆ. ನಮಗಿರುವುದು ಒಂದೇ ಉಸಿರು.

<b>ಬೆಲ್ಟು ಮತ್ತು ಸೀಸ</b>

ರಬ್ಬರ್ ಬೆಲ್ಟನ್ನೇ ತೆಗೆದುಕೊಳ್ಳಿ. ಆಳದಲ್ಲಿ ಸೂಟು ತೆಳ್ಳಗಾಗಿ ಹೊಟ್ಟೆ ಒಳಗೆ ಹೋದಾಗ ನೈಲಾನ್ ಬೆಲ್ಟು ಸಡಿಲವಾಗಿ ಎದೆಯತ್ತ ಜಾರುತ್ತದೆ. ರಬ್ಬರಿನದು ಮೈಗೆ ಕಚ್ಚಿಕೊಂಡಿರುತ್ತದೆ. ಕಟ್ಟುವುದು ಹೊಟ್ಟೆಯ ಮೇಲಲ್ಲ, ಅದರ ಕೆಳಗೆ ಸೊಂಟದ ಮೂಳೆಯ ಮೇಲೆ. ಹೊಟ್ಟೆ ಬಿಗಿದರೆ ಉಸಿರು ತುಂಬಿಕೊಳ್ಳಲು ಆಗುವುದಿಲ್ಲ. ಸೀಸದ ತುಂಡುಗಳು ಅರ್ಧ, ಒಂದು ಕೆ.ಜಿ.ಯವು ಇರಲಿ. ಎರಡು ಕೆ.ಜಿ.ಯ ದೊಡ್ಡ ತುಂಡಿದ್ದರೆ ಹದ ಮಾಡಲು ಬರುವುದಿಲ್ಲ. ಎಡಬಲ ಸಮವಾಗಿ ಹಂಚಿ, ಮುಂದೆ ಬಕಲಿನ ಹತ್ತಿರ ಜಾಗ ಬಿಡಿ. ಬೇರೆಲ್ಲ ಹಾಕಿಕೊಂಡ ಮೇಲೆ ಕೊನೆಗೆ ಬೆಲ್ಟು.

ಎಷ್ಟರಿಂದ ಶುರು ಮಾಡುವುದು? ಸೂಟಿನ ದಪ್ಪ ಎಷ್ಟು ಮಿ.ಮೀ. ಇದೆಯೋ ಅಷ್ಟು ಕೆ.ಜಿ. ಅನ್ನುವ ಬಾಯಿಮಾತಿನ ಲೆಕ್ಕವೊಂದಿದೆ. ನಾನಾದರೆ ಅದಕ್ಕಿಂತ ಒಂದು ಕೆ.ಜಿ. ಕಡಿಮೆಯಿಂದ ಶುರು ಮಾಡಿ ಅನ್ನುತ್ತೇನೆ. 3 ಮಿ.ಮೀ. ಸೂಟಿಗೆ ಎರಡು, 5 ಮಿ.ಮೀ.ಗೆ ನಾಲ್ಕು. ಕೊಬ್ಬು ತೇಲುತ್ತದೆ, ಮಾಂಸಖಂಡ ಮುಳುಗುತ್ತದೆ. ಹಾಗಾಗಿ ಒಂದೇ ಎತ್ತರದ ಇಬ್ಬರಿಗೆ, ಒಂದೇ ಸೂಟಿನಲ್ಲಿ, ಬೇರೆ ಬೇರೆ ತೂಕ ಬೇಕಾಗುವುದು ಮಾಮೂಲು. ಗೆಳೆಯನ ಬೆಲ್ಟು ಇಸಕೊಂಡು ಸುಮ್ನೆ ಹಾಗೇ ಇಳಿಯಬೇಡಿ.

<b>ಎರಡು ಪರೀಕ್ಷೆ</b>

ಎರಡನ್ನೂ ಕಲಿಸುವವರೋ ಅನುಭವಿ ಜೊತೆಗಾರರೋ ಪಕ್ಕದಲ್ಲಿದ್ದಾಗ ಮಾತ್ರ ಮಾಡಬೇಕು. ಒಬ್ಬರೇ ಖಂಡಿತ ಬೇಡ.

ಮೊದಲನೆಯದು ನೀರಿನ ಮೇಲೆಯೇ. ಮಾಸ್ಕ್, ಸೂಟು, ಕಾಲಿಗೆ ಹಾಕುವ ರೆಕ್ಕೆಯಂಥ ಫಿನ್, ಬೆಲ್ಟು ಎಲ್ಲ ಹಾಕಿಕೊಂಡು, ಕಾಲು ತಳಕ್ಕೆ ತಾಗದ ನೀರಿನಲ್ಲಿ ನೆಟ್ಟಗೆ ನಿಲ್ಲಿ. ಕೈ ಪಕ್ಕಕ್ಕೆ, ಕಾಲು ಅಲ್ಲಾಡಬಾರದು. ಎದೆ ತುಂಬಾ ಉಸಿರು ಎಳೆದರೆ ತಲೆ ಪೂರ್ತಿ ನೀರಿನ ಮೇಲಿರಬೇಕು. ಈಗ ಬಲವಂತ ಮಾಡದೆ, ನಿಟ್ಟುಸಿರು ಬಿಟ್ಟ ಹಾಗೆ ಉಸಿರು ಬಿಡಿ. ನಿಧಾನವಾಗಿ ಕೆಳಗೆ ಜಾರಿ, ನೀರು ಕಣ್ಣಿನ ಮಟ್ಟಕ್ಕೋ ಹಣೆಗೋ ಬಂದು ನಿಲ್ಲಬೇಕು. ನಿಲ್ಲದೆ ನೆತ್ತಿಯೂ ಮುಳುಗಿ ಕೆಳಗೆ ಹೋಗುತ್ತಿದ್ದರೆ ತೂಕ ಜಾಸ್ತಿಯಾಯಿತು. ಅರ್ಧ ಕೆ.ಜಿ. ತೆಗೆದು ಮತ್ತೆ ನೋಡಿ.

ಉಸಿರು ಬಿಟ್ಟು ಯಾಕೆ ನೋಡಬೇಕು ಅಂದರೆ, ಫ್ರೀಡೈವಿಂಗಿನಲ್ಲಿ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ತಳದಲ್ಲಿ ಅಲ್ಲ. ಮೇಲೆ ಬರುವಾಗಿನ ಕೊನೆಯ ಕೆಲವು ಮೀಟರುಗಳಲ್ಲಿ, ಇಲ್ಲವೇ ಮೇಲೆ ಬಂದ ಮೇಲೆ. ಎದೆಯಲ್ಲಿನ ಗಾಳಿ ಹಿಗ್ಗಿ ಆಮ್ಲಜನಕದ ಒತ್ತಡ ದಿಢೀರನೆ ಇಳಿಯುವುದು ಅಲ್ಲೇ. ಪ್ರಜ್ಞೆ ತಪ್ಪಿದವರ ಬಾಯಿಂದ ಉಸಿರು ಹೊರಟುಹೋಗಬಹುದು. ತೂಕ ಸರಿ ಇದ್ದರೆ ಆಗಲೂ ತೇಲುತ್ತಾರೆ, ಜೊತೆಗಾರ ಮುಖ ಎತ್ತಿ ಹಿಡಿಯುತ್ತಾನೆ. ಜಾಸ್ತಿ ಇದ್ದರೆ ಕಣ್ಣೆದುರೇ ಕೆಳಗೆ ಹೋಗುತ್ತಾರೆ.

ಎರಡನೆಯದು 10 ಮೀಟರಿನಲ್ಲಿ. ನೀರಿನ ಮೇಲೆ ತೇಲಿಬಿಟ್ಟ ಬೋಯ್‌ನಿಂದ ಇಳಿಬಿಟ್ಟ ಹಗ್ಗದಲ್ಲಿ 10 ಮೀಟರಿಗೆ ಗುರುತು ಹಾಕಿರಲಿ. ಪೂರ್ತಿ ಉಸಿರು ತುಂಬಿಕೊಂಡು, ಹಗ್ಗ ಹಿಡಿದು ಕೈಯಲ್ಲೇ ಎಳೆದುಕೊಳ್ಳುತ್ತಾ ಇಳಿಯಿರಿ. ಗುರುತಿನ ಹತ್ತಿರ ನಿಂತು, ಹಗ್ಗದ ಸುತ್ತ ಬೆರಳುಗಳನ್ನು ಬರೀ ಉಂಗುರದಂತೆ ಇಟ್ಟು, ಎರಡು ಮೂರು ಸೆಕೆಂಡ್ ಏನೂ ಮಾಡಬೇಡಿ. ಹಗ್ಗ ಬೆರಳಿನೊಳಗೆ ಯಾವ ಕಡೆ ಸರಿಯುತ್ತದೆ ಅಂತ ಗಮನಿಸಿ. ನೀವು ನಿಂತಲ್ಲೇ ನಿಂತರೆ ಅಥವಾ ಮೆಲ್ಲಗೆ ಮೇಲೆ ಹೋದರೆ ಸರಿ. ಕೆಳಗೆ ಹೋದರೆ ಮೇಲೆ ಬಂದು ಅರ್ಧ ಕೆ.ಜಿ. ಕಳಚಿ, ಚೆನ್ನಾಗಿ ಸುಧಾರಿಸಿಕೊಂಡು ಮತ್ತೆ ಇಳಿಯಿರಿ. ಎರಡು ಪರೀಕ್ಷೆಗಳ ಉತ್ತರ ಬೇರೆ ಬಂದರೆ ಕಡಿಮೆ ತೂಕದ್ದನ್ನೇ ಇಟ್ಟುಕೊಳ್ಳಿ.

‘ಇಷ್ಟು ಕಡಿಮೆ ಹಾಕಿದರೆ ಮುಳುಗೋದೇ ಕಷ್ಟ ಅಲ್ವಾ?’ ಅಂತ ಕೇಳಬಹುದು. ಹೌದು, ಮೊದಲ ಕೆಲವು ಮೀಟರ್ ಸ್ವಲ್ಪ ಬೆವರಿಳಿಸುತ್ತದೆ. ಆದರೆ ಬಹಳ ಸಲ ತಪ್ಪು ಇರುವುದು ತೂಕದಲ್ಲಿ ಅಲ್ಲ, ಮಗುಚುವುದರಲ್ಲಿ. ಸೊಂಟ ಮಡಚಿ ತಲೆ ಕೆಳಗಾದಾಗ ಎರಡೂ ಕಾಲು ನೆಟ್ಟಗೆ ನೀರಿನಿಂದ ಹೊರಗೆ ಬರಬೇಕು. ಗಾಳಿಯಲ್ಲಿರುವ ಆ ಕಾಲುಗಳ ಭಾರವೇ ನಿಮ್ಮನ್ನು ಒಳಗೆ ತಳ್ಳುತ್ತದೆ. ಅರ್ಧ ಮಡಚಿದ ಕಾಲಿನಲ್ಲಿ ನೀರು ಬಡಿಯುವವರಿಗೆ ಎಷ್ಟು ಸೀಸ ಕಟ್ಟಿದರೂ ಸಾಲದು. ಸೀಸ ಸೇರಿಸುವ ಮುಂಚೆ ಇದನ್ನು ಸರಿ ಮಾಡಿಕೊಳ್ಳಿ. ಆಳ ಹೆಚ್ಚಿಸುತ್ತಾ ಹೋದವರು ತೂಕ ಇಳಿಸುತ್ತಾರೆಯೇ ಹೊರತು ಏರಿಸುವುದಿಲ್ಲ. ತೇಲದೆ ಮುಳುಗದೆ ನಿಲ್ಲುವ ಮಟ್ಟ ಆಗ 10 ಮೀಟರಿಗಿಂತ ಕೆಳಗಿರುತ್ತದೆ.

<b>ಮತ್ತೆ ಯಾವಾಗ ಅಳೆಯಬೇಕು</b>

ನೀರು ಬದಲಾದಾಗ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಮೈ, ಸೂಟು ಸೇರಿ 80 ಲೀಟರ್ ಜಾಗ ಹಿಡಿಯುವವರಿಗೆ ಈಜುಕೊಳಕ್ಕೋ ಕೆರೆಗೋ ಬಂದರೆ ಎರಡು ಕೆ.ಜಿ. ಕಡಿಮೆ ಸಾಕು. ಸಮುದ್ರದಲ್ಲಿ ಎರಡೇ ಕೆ.ಜಿ. ಕಟ್ಟುತ್ತಿದ್ದವರಿಗೆ ಅಲ್ಲಿ ಬೆಲ್ಟೇ ಬೇಡವಾಗಬಹುದು.

ಸೂಟು ಬದಲಾದಾಗಲೂ ಅಷ್ಟೇ. ಮುರುಡೇಶ್ವರದ ನೇತ್ರಾಣಿಯಂಥ ಬೆಚ್ಚಗಿನ ನೀರಿಗೆ ತೆಳ್ಳನೆ ಸೂಟು ನಡೆಯುತ್ತದೆ. ಚಳಿಗಾಲದಲ್ಲಿ ಈಜಿಪ್ಟಿನ ದಹಬ್‌ಗೆ ಹೋದರೆ 5 ಮಿ.ಮೀ. ಬೇಕು, ತಲೆಗೆ ಟೋಪಿಯೂ ಸೇರಿ. ಹೊಸ ಸೂಟು ಜಾಸ್ತಿ ತೇಲುತ್ತದೆ. ಬಳಸಿ ಬಳಸಿ ಗುಳ್ಳೆ ಚಪ್ಪಟೆಯಾದ ಹಳೆಯದಕ್ಕೆ ಅಷ್ಟು ಸೀಸ ಬೇಡ. ನಾಲ್ಕು ಕೆ.ಜಿ. ಮೈ ಇಳಿಸಿದವರೂ ಮತ್ತೆ ನೋಡಿಕೊಳ್ಳಬೇಕು.

ಇನ್ನು ಬಕಲು. ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದ್ದೇ ಇರಲಿ; ಗಂಟು ಹಾಕುವುದು, ಪಿನ್ ಚುಚ್ಚುವುದು ಯಾವುದೂ ಬೇಡ. ಬಕಲಿನ ಬಾಯಿ ಯಾವ ಕಡೆಗಿದೆ ಅಂತ ಜೊತೆಗಾರನಿಗೂ ತೋರಿಸಿ. ಆಳವಿಲ್ಲದ ಕಡೆ ಕಣ್ಣು ಮುಚ್ಚಿಕೊಂಡು ಬಲಗೈಯಲ್ಲೊಮ್ಮೆ, ಎಡಗೈಯಲ್ಲೊಮ್ಮೆ ಬಿಚ್ಚಿ ಅಭ್ಯಾಸ ಮಾಡಿ. ನಿಜವಾಗಿ ತೊಂದರೆಯಾದಾಗ ಬೆಲ್ಟು ಸಮುದ್ರದ ಪಾಲಾಗುತ್ತದೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಸೀಸ ಮತ್ತೆ ಸಿಗುತ್ತದೆ.