ಫ್ಲ್ಯಾಟ್ ಕಟ್ಟಿ ಮಾರಲು ಮೊದಲ ಸಲ ಹೊರಟವರಿಗೆ

ಬೆಂಗಳೂರಿನಲ್ಲಿ 40×60 ಸೈಟಿನಲ್ಲಿ ನಾಲ್ಕು ಫ್ಲ್ಯಾಟ್ ಕಟ್ಟಿ ಮಾರುವ ಯೋಚನೆ ಇದೆಯಾ? ಅಡ್ವಾನ್ಸ್ ಕೊಡುವ ಮೊದಲು ಮೂಲಪತ್ರ, 30 ವರ್ಷದ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಮೂರನ್ನೂ ವಕೀಲರಿಗೆ ತೋರಿಸಿ. ಇಸಿಯಲ್ಲಿ ಎಲ್ಲವೂ ಬರಲ್ಲ. ನೋಂದಣಿ ಆಗದ ಅಗ್ರಿಮೆಂಟ್, ಮನೆಯವರ ಭಾಗದ ಜಗಳ ಅದರಲ್ಲಿ ಕಾಣುವುದಿಲ್ಲ. ವಂಶವೃಕ್ಷವನ್ನೂ ಕೇಳಿ. ಅಕ್ಕಪಕ್ಕದವರ ಹತ್ತಿರ ಸುಮ್ನೆ ಮಾತಾಡಿ. ಒಂದು ಸೈಟಿನ ಮೇಲೆ ಮಾಲೀಕರ ತಂಗಿಯ ತಕರಾರು ಇದ್ದದ್ದು ನನಗೆ ಗೊತ್ತಾಗಿದ್ದು ಎದುರಿನ ಟೀ ಅಂಗಡಿಯಲ್ಲಿ!

40×60 ಅಂದರೆ ಸುಮಾರು 223 ಚದರ ಮೀಟರ್. 500 ಚದರ ಮೀಟರ್ ದಾಟದ ಕಾರಣ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಿಲ್ಲ. ಆದರೆ ನಕ್ಷೆ ಮಂಜೂರಾತಿ, ಒಸಿ (ಕಟ್ಟಡದಲ್ಲಿ ವಾಸಿಸಬಹುದು ಎಂಬ ಪ್ರಮಾಣಪತ್ರ) ಬೇಕೇ ಬೇಕು. ಆಸೆಗೆ ಒಂದು ಮಹಡಿ ಜಾಸ್ತಿ ಎಬ್ಬಿಸಿದರೆ ಒಸಿಗೆ ಪರದಾಟ, ಕೊಳ್ಳುವವರಿಗೆ ಬ್ಯಾಂಕ್ ಸಾಲವೂ ಕಷ್ಟ. ಕೈಯಲ್ಲಿ ದುಡ್ಡು ಕಮ್ಮಿಯಿದ್ದರೆ ಜಾಯಿಂಟ್ ಡೆವಲಪ್‌ಮೆಂಟ್ (ಸೈಟ್ ಮಾಲೀಕರದ್ದು, ಕಟ್ಟುವುದು ನೀವು, ಫ್ಲ್ಯಾಟ್ ಹಂಚಿಕೆ) ನೋಡಿ, ಅಗ್ರಿಮೆಂಟ್ ಮಾತ್ರ ನೋಂದಣಿ ಮಾಡಿಸಿಯೇ ಪಾಯ ತೆಗೆಯಿರಿ.